ಕಥೆ ಅರ್ಥವಾಗಿತ್ತು, ಪ್ರಶ್ನೆ ಅರ್ಥವಾಗಿರಲಿಲ್ಲ: ಏಳನೇ ತರಗತಿಯ ಒಂದು ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿ ಏಳನೇ ತರಗತಿಯಲ್ಲಿ ಓದುತ್ತಿದ್ದಳು. ಶಾಲೆಯ ಗ್ರಂಥಾಲಯದಿಂದ ವಾರಕ್ಕೆ ಎರಡು ಪುಸ್ತಕ ತಂದು ಮುಗಿಸುತ್ತಿದ್ದಳು; ಓದಿದ ಕಥೆಯನ್ನು ತಮ್ಮನಿಗೆ ಹೇಳುವಾಗ ಪಾತ್ರಕ್ಕೊಂದು ದನಿ ಬದಲಿಸುತ್ತಿದ್ದಳು. ಹಾಗಿದ್ದೂ ವಾಚನ ಪರೀಕ್ಷೆಗಳಲ್ಲಿ, ಅಂದರೆ ಮೊದಲು ಓದಿರದ ಗದ್ಯಭಾಗವನ್ನೋ ಪದ್ಯವನ್ನೋ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಪರೀಕ್ಷೆಗಳಲ್ಲಿ, ಅವಳಿಗೆ ಸತತವಾಗಿ ಅರ್ಧಕ್ಕಿಂತ ಕಡಿಮೆ ಅಂಕ ಬರುತ್ತಿತ್ತು. ಪ್ರಗತಿ ಪತ್ರದಲ್ಲಿ ‘ಗ್ರಹಿಕೆ ಸಾಲದು, ಹೆಚ್ಚು ಓದಬೇಕು’ ಎಂಬ ಷರಾ ಇತ್ತು. ದಿನವಿಡೀ ಓದುವ ಮಗುವಿಗೆ ಇನ್ನೂ ಓದು ಎನ್ನುವ ಸಲಹೆ ಅವಳ ತಾಯಿಗೆ ವಿಚಿತ್ರವೆನಿಸಿ, ಹಳೆಯ ಪ್ರಶ್ನೆಪತ್ರಿಕೆಗಳ ಸಮೇತ ಅವಳನ್ನು ನನ್ನ ಬಳಿ ಕರೆತಂದರು. ಮುಂದಿನ ಸುಮಾರು ಐದು ತಿಂಗಳು, ವಾರಕ್ಕೆರಡು ಸಂಜೆ, ನಾವಿಬ್ಬರೂ ಮಾಡಿದ ಕೆಲಸದ ದಾಖಲೆ ಇದು. ಅದರಲ್ಲಿ ಮೊದಲ ಎರಡು ವಾರ ನನ್ನ ತಪ್ಪಿಗೇ ವ್ಯರ್ಥವಾದದ್ದನ್ನೂ ಬಿಡದೆ ಬರೆದಿದ್ದೇನೆ.

ಮೊದಲ ಸುಳಿವು

ಪತ್ರಿಕೆಗಳನ್ನು ತಿರುವುವಾಗ ಒಂದು ಉತ್ತರ ಕಣ್ಣಿಗೆ ಬಿತ್ತು. ಗದ್ಯಭಾಗದಲ್ಲಿ ಒಂದು ಮನೆ, ಬಹುಮಾನ ಗೆದ್ದು ಬಂದ ತಂಗಿ. ಅವಳು ಫಲಕವನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿರುವಾಗ ಅಣ್ಣ ಕಿಟಕಿಯ ಕಡೆ ತಿರುಗಿ, ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಫಲಕವನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುವವನೂ ಅವನೇ. ಪ್ರಶ್ನೆ ಹೀಗಿತ್ತು: ‘ಮೊದಲ ಸನ್ನಿವೇಶದಿಂದ ಅಣ್ಣನ ಮನಸ್ಥಿತಿಯ ಕುರಿತು ಏನನ್ನು ಅನುಮಾನಿಸಬಹುದು?’ ಅವಳು ಬರೆದ ಉತ್ತರ: ‘ಅನುಮಾನ ಪಡುವಂಥದ್ದು ಏನೂ ಇಲ್ಲ. ಅಣ್ಣ ಒಳ್ಳೆಯವನು.’ ಅಂಕ ಸೊನ್ನೆ.

ನಗು ಬಂದರೂ, ಆ ಉತ್ತರದಲ್ಲಿ ತರ್ಕದೋಷವೇನೂ ಇಲ್ಲ ಎಂಬುದು ಮರುಕ್ಷಣವೇ ಹೊಳೆಯಿತು. ಅನುಮಾನ ಎಂದರೆ ಮನೆಮಾತಿನಲ್ಲಿ ಶಂಕೆ. ತರ್ಕಶಾಸ್ತ್ರದಲ್ಲಿ ಅದೇ ಪದಕ್ಕೆ, ಕಂಡ ಗುರುತಿನಿಂದ ಕಾಣದ ಸಂಗತಿಯನ್ನು ತಿಳಿಯುವುದು ಎಂಬ ಅರ್ಥವಿದೆ. ಹೊಗೆ ಕಂಡು ಬೆಂಕಿಯಿದೆ ಎಂದುಕೊಳ್ಳುವುದು ಅದರ ಹಳೆಯ ಉದಾಹರಣೆ. ಪ್ರಶ್ನೆ ಬರೆದವರು ಎರಡನೆಯ ಅರ್ಥದಲ್ಲಿ ಕೇಳಿದ್ದರು, ಹುಡುಗಿ ಮೊದಲನೆಯ ಅರ್ಥದಲ್ಲಿ ಪ್ರಾಮಾಣಿಕವಾಗಿ ಉತ್ತರಿಸಿದ್ದಳು. ನಾನು ಪತ್ರಿಕೆಯನ್ನು ಮುಚ್ಚಿಟ್ಟು, ಆ ಹೊತ್ತಿನಲ್ಲಿ ಅಣ್ಣನಿಗೆ ಹೇಗನಿಸುತ್ತಿದ್ದಿರಬಹುದು, ಅದು ನಿನಗೆ ಹೇಗೆ ಗೊತ್ತಾಯಿತು ಎಂದು ಬಾಯಿಮಾತಿನಲ್ಲಿ ಕೇಳಿದೆ. ತಡವರಿಸದೆ ಹೇಳಿದಳು: “ಅವನಿಗೂ ಏನೋ ಸಿಗಬೇಕಿತ್ತು ಟೀಚರ್, ಸಿಕ್ಕಿಲ್ಲ. ಆ ಕಾಗದದಲ್ಲಿ ಅದೇ ಬರೆದಿರಬೇಕು. ಇಲ್ಲದಿದ್ದರೆ ಅಷ್ಟು ಚಿಕ್ಕದಾಗಿ ಯಾಕೆ ಮಡಚುತ್ತಾನೆ?” ಪೂರ್ಣ ಅಂಕದ ಉತ್ತರ ಅದು, ಆಧಾರವೂ ಜೊತೆಯಲ್ಲೇ ಇದೆ.

ಇದು ಒಂದೇ ಉತ್ತರದ ಆಕಸ್ಮಿಕವೋ, ಎಲ್ಲ ಕಡೆ ನಡೆಯುತ್ತಿರುವುದೋ ಎಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿದೆ. ಅವಳು 20 ಪ್ರಶ್ನೆಗಳಲ್ಲಿ 8ಕ್ಕೆ ಮಾತ್ರ ಸರಿಯುತ್ತರ ಬರೆದಿದ್ದ ಪತ್ರಿಕೆಯನ್ನು ತೆಗೆದುಕೊಂಡು, ಗದ್ಯಭಾಗವನ್ನು ಹಾಗೆಯೇ ಉಳಿಸಿ, ಪ್ರಶ್ನೆಗಳನ್ನಷ್ಟೇ ಆಡುಮಾತಿಗೆ ಹತ್ತಿರವಾದ ಪದಗಳಲ್ಲಿ ತಿದ್ದಿ ಬರೆದು ಕೊಟ್ಟೆ. ಈ ಬಾರಿ 16 ಸರಿಯಾದವು. ಎರಡನೇ ಓದಿನ ಲಾಭವೂ ಅದರಲ್ಲಿ ಸೇರಿರಬಹುದೆಂದು, ಮರುವಾರ ಹೊಸ ಗದ್ಯಭಾಗವೊಂದನ್ನು ಕೊಟ್ಟು ಕ್ರಮವನ್ನು ತಿರುಗಿಸಿದೆ: ಮೊದಲು ಸರಳ ಪ್ರಶ್ನೆಗಳು, ಎರಡು ದಿನಗಳ ಬಳಿಕ ಅವೇ ಪ್ರಶ್ನೆಗಳು ಪರೀಕ್ಷೆಯ ಭಾಷೆಯಲ್ಲಿ. ಮೊದಲ ದಿನ ಸರಿಯಾಗಿ ಉತ್ತರಿಸಿದ್ದ ಪ್ರಶ್ನೆಗಳಲ್ಲೇ ಹಲವನ್ನು ಎರಡನೆಯ ಸಲ ತಪ್ಪಿದಳು. ಅಲ್ಲಿಗೆ ‘ಗ್ರಹಿಕೆ ಸಾಲದು’ ಎಂಬ ಷರಾವನ್ನು ನಾನು ಮನಸ್ಸಿನಲ್ಲೇ ಹೊಡೆದುಹಾಕಿದೆ.

ಓದಿನ ಸಂಶೋಧನೆಯಲ್ಲಿ ಆಗಾಗ ಉಲ್ಲೇಖವಾಗುವ ಒಂದು ಅಂಕಿಯಿದೆ. ಇಂಗ್ಲಿಷ್ ಪಠ್ಯಗಳನ್ನಿಟ್ಟುಕೊಂಡು ಹೂ ಮತ್ತು ಪಾಲ್ ನೇಶನ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಅರ್ಥಮಾಡಿಕೊಳ್ಳಲು ಅದರಲ್ಲಿನ ಪದಗಳ ಪೈಕಿ ಸುಮಾರು ಶೇ. 98ರಷ್ಟು ಗೊತ್ತಿರಬೇಕು. 300 ಪದಗಳ ಗದ್ಯಭಾಗಕ್ಕೆ ಈ ಲೆಕ್ಕ ಹಾಕಿದರೆ ಗೊತ್ತಿರದ ಆರು ಪದಗಳನ್ನು ಓದುಗ ಹೇಗೋ ದಾಟಿಬಿಡುತ್ತಾನೆ, ಏಕೆಂದರೆ ಅಕ್ಕಪಕ್ಕದ ವಾಕ್ಯಗಳು ಕೈಹಿಡಿಯುತ್ತವೆ. ಎಂಟು ಪದಗಳ ಪ್ರಶ್ನೆಗೆ ಅಕ್ಕಪಕ್ಕವೇ ಇರುವುದಿಲ್ಲ. ಅಲ್ಲಿ ಕೈಕೊಡುವ ಪದವೂ ಸಾಮಾನ್ಯವಾಗಿ ಏನು ಮಾಡಬೇಕೆಂದು ಹೇಳುವ ಕ್ರಿಯಾಪದವೇ ಆಗಿರುತ್ತದೆ: ವಿಶ್ಲೇಷಿಸಿ, ಸಮರ್ಥಿಸಿ, ಹೋಲಿಸಿ, ನಿಷ್ಕರ್ಷಿಸಿ.

ಗೊತ್ತಿದೆ ಎನಿಸುವ ಪದಗಳು

ತಪ್ಪಾದ ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಾಗ ನಾನು ನಿರೀಕ್ಷಿಸಿರದ ಸಂಗತಿ ಕಂಡಿತು. ಅವಳು ಎಂದೂ ಕೇಳಿರದ ಪದಗಳು, ಉದಾಹರಣೆಗೆ ‘ನಿಷ್ಕರ್ಷೆ’ ಅಥವಾ ‘ವ್ಯತಿರಿಕ್ತ’, ಅಷ್ಟೇನೂ ಹಾನಿ ಮಾಡಿರಲಿಲ್ಲ. ಅಂಥ ಪದ ಸಿಕ್ಕಾಗ ಅವಳು ನಿಂತು, ಪ್ರಶ್ನೆಯನ್ನು ಮತ್ತೆ ಓದಿ, ಕೆಲವೊಮ್ಮೆ ಸರಿಯಾಗಿಯೇ ಊಹಿಸಿದ್ದಳು. ಹಾನಿ ಮಾಡಿದ್ದು ಅವಳು ಚಿಕ್ಕಂದಿನಿಂದ ಬಳಸುತ್ತಿದ್ದ ಪದಗಳು. ಅವು ಎದುರಾದಾಗ ನಿಲ್ಲಲು ಕಾರಣವೇ ಇರಲಿಲ್ಲ.

‘ಕಥೆಯ ಆಶಯವೇನು?’ ಎಂದು ಕೇಳಿದರೆ ಕಥಾನಾಯಕನಿಗೆ ಏನು ಬೇಕಾಗಿತ್ತು ಎಂದು ಬರೆಯುತ್ತಿದ್ದಳು, ಏಕೆಂದರೆ ಆಶಯ ಎಂದರೆ ಅವಳಿಗೆ ಬಯಕೆ. ‘ಕಥೆಯಲ್ಲಿನ ಸಂಘರ್ಷವನ್ನು ಗುರುತಿಸಿ’ ಎಂದರೆ ಯಾರು ಯಾರಿಗೆ ಹೊಡೆದರು ಎಂದು ಹುಡುಕಿ, ಯಾರೂ ಹೊಡೆದಾಡದ ಕಥೆಗೆ ‘ಸಂಘರ್ಷವಿಲ್ಲ’ ಎಂದು ಬರೆದಿದ್ದಳು; ಅಣ್ಣ ತನ್ನೊಳಗೇ ನಡೆಸುತ್ತಿದ್ದ ಗುದ್ದಾಟ ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ‘ನಿಮ್ಮ ಉತ್ತರವನ್ನು ಸಮರ್ಥಿಸಿ’ ಎಂದರೆ ತನ್ನ ಮಾತನ್ನೇ ಇನ್ನೂ ಜೋರಾಗಿ, ‘ಖಂಡಿತವಾಗಿಯೂ’ ಎಂಬ ಪದ ಸೇರಿಸಿ ಬರೆಯುತ್ತಿದ್ದಳೇ ಹೊರತು ಗದ್ಯಭಾಗದ ಸಾಲೊಂದನ್ನು ಎತ್ತಿ ತೋರಿಸುತ್ತಿರಲಿಲ್ಲ. ಜಗಳದಲ್ಲಿ ಸಮರ್ಥಿಸಿಕೊಳ್ಳುವುದೆಂದರೆ ಹಾಗೆಯೇ ತಾನೆ? ‘ಊಹಿಸಿ’ ಎಂದಲ್ಲಿ ಕಥೆಯಲ್ಲಿಲ್ಲದ್ದನ್ನೆಲ್ಲ ಸೊಗಸಾಗಿ ಕಟ್ಟುತ್ತಿದ್ದಳು. ಪರೀಕ್ಷೆಯ ಊಹೆಗೆ ಪಠ್ಯದ ಹಗ್ಗ ಕಟ್ಟಿರುತ್ತದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ‘ಸಾರಾಂಶ’ ಎಂದರೆ ಇಡೀ ಕಥೆಯನ್ನು ಮತ್ತೊಮ್ಮೆ ಹೇಳುವುದು, ಅದೂ ತಮ್ಮನಿಗೆ ಹೇಳುವಷ್ಟೇ ಉದ್ದವಾಗಿ.

ಪದಸಂಪತ್ತಿನ ಕಲಿಕೆಯ ಬಗ್ಗೆ ಬರೆಯುವವರು ಇಸಬೆಲ್ ಬೆಕ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಮೂರು ಸ್ತರಗಳ ವಿಂಗಡಣೆಯನ್ನು ಬಳಸುವುದುಂಟು. ಮೊದಲ ಸ್ತರದಲ್ಲಿ ದಿನಬಳಕೆಯ ಪದಗಳು, ಎರಡನೆಯದರಲ್ಲಿ ಎಲ್ಲ ವಿಷಯಗಳ ಬರಹದಲ್ಲೂ ಮತ್ತೆ ಮತ್ತೆ ಬರುವ ಪ್ರೌಢ ಪದಗಳು, ಮೂರನೆಯದರಲ್ಲಿ ಒಂದೊಂದು ವಿಷಯಕ್ಕೇ ಸೀಮಿತವಾದ ಪಾರಿಭಾಷಿಕ ಪದಗಳು. ಈ ವಿಂಗಡಣೆ ಉಪಯುಕ್ತವೇ, ಆದರೆ ನಮ್ಮ ಪ್ರಕರಣಕ್ಕೆ ಪೂರ್ತಿ ಒಗ್ಗಲಿಲ್ಲ. ಕನ್ನಡದಲ್ಲಿ ಸಾಹಿತ್ಯದ ಪರಿಭಾಷೆಯ ಬಹುಪಾಲು ಸಂಸ್ಕೃತದಿಂದ ಬಂದಿದ್ದು, ಅದೇ ಪದಗಳು ಬೇರೆ ಅರ್ಥ ಹೊತ್ತು ಮನೆಮಾತಿನಲ್ಲೂ ನೆಲೆಸಿರುವುದರಿಂದ, ‘ಪಾತ್ರ’ ಒಂದೇ ಹೊತ್ತಿಗೆ ಒಂದನೆಯ ಸ್ತರದಲ್ಲೂ ಮೂರನೆಯದರಲ್ಲೂ ಕುಳಿತಿರುತ್ತದೆ. ಅಡುಗೆಮನೆಯ ಪಾತ್ರೆಗೂ ನಾಟಕದ ಪಾತ್ರಕ್ಕೂ ಮೂಲ ಒಂದೇ ಎಂದು ಹೇಳಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು. ಆ ಪದವನ್ನಂತೂ ಅವಳು ಆಮೇಲೆ ಮರೆಯಲಿಲ್ಲ.

ಪಟ್ಟಿ ಮಾಡಿ ಕೆಟ್ಟದ್ದು

ಇಷ್ಟೆಲ್ಲ ಕಂಡುಕೊಂಡ ಮೇಲೂ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. 60 ಪದಗಳ ಪಟ್ಟಿ ತಯಾರಿಸಿ, ಎದುರಿಗೆ ಅರ್ಥ ಬರೆದು, ಬಾಯಿಪಾಠ ಮಾಡಲು ಕೊಟ್ಟೆ. ಜಾಣ ಹುಡುಗಿ, ಎರಡೇ ವಾರಗಳಲ್ಲಿ ಒಪ್ಪಿಸಿದಳು. ಮುಂದಿನ ಅಭ್ಯಾಸ ಪತ್ರಿಕೆಯಲ್ಲಿ ‘ಈ ಕಥೆಯ ಆಶಯವೇನು?’ ಎಂಬ ಪ್ರಶ್ನೆಗೆ ಬಂದ ಉತ್ತರ: ‘ಆಶಯ ಎಂದರೆ ಕೃತಿಯ ಒಟ್ಟು ಅರ್ಥದಿಂದ ಹೊರಡುವ ಕೇಂದ್ರ ವಿಚಾರ.’ ನನ್ನ ವಾಕ್ಯವೇ, ಒಂದಕ್ಷರ ತಪ್ಪಿಲ್ಲ. ಕಥೆ ಮಾತ್ರ ಆ ಉತ್ತರದ ಹತ್ತಿರವೂ ಸುಳಿದಿರಲಿಲ್ಲ.

ಪಟ್ಟಿಯ ದೋಷ ಎರಡು ಬಗೆಯದು. ಒಂದು, ಅದರ ಗಾತ್ರ. ಇಂಗ್ಲಿಷಿನ ಶೈಕ್ಷಣಿಕ ಬರಹಕ್ಕಾಗಿ ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ; ಒಂದು ಮೂಲಪದವೂ ಅದರಿಂದ ಹುಟ್ಟಿದ ರೂಪಗಳೂ ಸೇರಿ ಒಂದು ಕುಟುಂಬ. ಆದರೆ ಅದು ವಿಶ್ವವಿದ್ಯಾಲಯದ ಓದನ್ನು ಗಮನದಲ್ಲಿಟ್ಟುಕೊಂಡು, ದೊಡ್ಡ ಪಠ್ಯಸಂಗ್ರಹವನ್ನು ಎಣಿಸಿ ಮಾಡಿದ್ದು. ನಾನು ಎಣಿಸಿರಲಿಲ್ಲ, ನೆನಪಾದದ್ದನ್ನು ಬರೆದಿದ್ದೆ. ಈಗ ಕುಳಿತು ಅವಳ ಹನ್ನೊಂದು ಹಳೆಯ ಪತ್ರಿಕೆಗಳಲ್ಲಿ ನಿಜವಾಗಿ ಬಂದ ಪದಗಳನ್ನು ಎಣಿಸಿದರೆ, ಮತ್ತೆ ಮತ್ತೆ ಬಂದಿದ್ದವು 23 ಮಾತ್ರ. ಉಳಿದವು ನನ್ನ ಪಾಂಡಿತ್ಯದ ಸಮಾಧಾನಕ್ಕೆ ಸೇರಿದ್ದವು.

ಎರಡನೆಯ ದೋಷ ಹೆಚ್ಚು ಆಳದ್ದು. ಇಲ್ಲಿ ಬೇಕಾಗಿದ್ದದ್ದು ‘ಆಶಯ’ ಪದದ ಅರ್ಥವಲ್ಲ. ಆ ಪದ ಕಂಡೊಡನೆ ಗದ್ಯಭಾಗಕ್ಕೆ ಹೋಗಿ ಏನು ಮಾಡಬೇಕು ಎಂಬ ಅರಿವು. ಆದ್ದರಿಂದ ಪಟ್ಟಿಯನ್ನು ಬಿಟ್ಟು, 1969ರಷ್ಟು ಹಳೆಯದಾದ, ಡೊರೊತಿ ಫ್ರೇಯರ್ ಮತ್ತು ಅವರ ಸಂಗಡಿಗರು ರೂಪಿಸಿದ ನಾಲ್ಕು ಮನೆಗಳ ಚೌಕಕ್ಕೆ ಮರಳಿದೆ. ಅದರಲ್ಲಿ ಪದದ ವಿವರಣೆ, ಲಕ್ಷಣ, ಉದಾಹರಣೆ, ಉದಾಹರಣೆಯಲ್ಲದ್ದು ಎಂಬ ನಾಲ್ಕು ಭಾಗಗಳಿರುತ್ತವೆ. ನಾವು ವಿವರಣೆಯ ಮನೆಯನ್ನು ‘ಏನು ಮಾಡಬೇಕು’ ಎಂದು ಬದಲಿಸಿಕೊಂಡೆವು. ನನ್ನ ಅನುಭವದಲ್ಲಿ ಕಲಿಕೆ ನಡೆದದ್ದು ನಾಲ್ಕನೆಯ ಮನೆಯಲ್ಲಿ. ಪದ ಯಾವುದಲ್ಲ ಎಂದು ತೋರಿಸದೆ, ಹಳೆಯ ಅರ್ಥವನ್ನು ಅದು ಕುಳಿತಿದ್ದ ಜಾಗದಿಂದ ಎಬ್ಬಿಸಲು ಆಗುವುದಿಲ್ಲ.

ವಿಷಯ, ಸಾರಾಂಶ, ಆಶಯ, ನೀತಿ ಎಂಬ ನಾಲ್ಕನ್ನು ಬೇರ್ಪಡಿಸಲು ಅಣ್ಣ ತಂಗಿಯ ಅದೇ ಕಥೆಯನ್ನು ಬಳಸಿದೆವು. ಇದಕ್ಕೆ ಮೂರು ಸಂಜೆಗಳು ಹಿಡಿದವು. ಕಥೆ ಯಾವುದರ ಬಗ್ಗೆ ಎಂದು ಒಂದೆರಡು ಪದಗಳಲ್ಲಿ ಹೇಳಿದರೆ ಅದು ವಿಷಯ: ಒಡಹುಟ್ಟಿದವರ ಗೆಲುವು ಸೋಲು. ನಡೆದದ್ದನ್ನು, ಮುಖ್ಯವಾದದ್ದನ್ನಷ್ಟೇ ಉಳಿಸಿಕೊಂಡು ಹೇಳಿದರೆ ಸಾರಾಂಶ: ತಂಗಿಗೆ ಬಹುಮಾನ ಬಂದ ದಿನ ಅಣ್ಣ ತನ್ನ ನಿರಾಸೆಯನ್ನು ಯಾರಿಗೂ ತೋರಿಸದೆ, ರಾತ್ರಿ ಅವಳ ಫಲಕಕ್ಕೆ ತಾನೇ ಮೊಳೆ ಹೊಡೆದ. ಈ ಪಾತ್ರಗಳ ಹೆಸರು ಬಿಟ್ಟೂ ನಿಲ್ಲುವ, ಇನ್ನೊಂದು ಕಥೆಗೂ ಹೊಂದಬಲ್ಲ ಮಾತಾದರೆ ಆಶಯ: ಪ್ರೀತಿಪಾತ್ರರ ಗೆಲುವು ಸಂತೋಷವನ್ನೂ ನೋವನ್ನೂ ಒಟ್ಟಿಗೇ ತರಬಹುದು. ‘ಅಸೂಯೆ ಪಡಬಾರದು’ ಎಂಬುದನ್ನು ಅವಳು ಆಶಯವೆಂದೇ ಹಟ ಹಿಡಿದಳು. ಅಸೂಯೆ ಪಡಬಾರದೆಂದು ಕಥೆ ಎಲ್ಲಾದರೂ ಅಣ್ಣನನ್ನು ಗದರಿಸಿದೆಯೇ ಎಂದು ಕೇಳಿದೆ. ಹುಡುಕಿದಳು, ಸಿಗಲಿಲ್ಲ. ಗದರಿಸುವುದು, ಬುದ್ಧಿ ಹೇಳುವುದು ನೀತಿಯ ಕೆಲಸ. ಆಶಯ ಬದುಕು ಹೀಗೂ ಇರುತ್ತದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಚಿಕ್ಕ ಮಕ್ಕಳ ಕಥೆಗಳ ಕೊನೆಯಲ್ಲಿ ‘ನೀತಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸುವ ಅಭ್ಯಾಸದಿಂದಾಗಿ ಪ್ರತಿಯೊಂದು ಕಥೆಯ ಬಾಲದಲ್ಲೂ ಒಂದು ಉಪದೇಶ ಹುಡುಕುವುದು ಅವಳಿಗೆ ರೂಢಿಯಾಗಿತ್ತು, ಅವಳೊಬ್ಬಳಿಗೇ ಅಲ್ಲ.

ಅಲಂಕಾರಗಳಲ್ಲಿ ಹೆಚ್ಚು ಕಷ್ಟವಾಗಲಿಲ್ಲ. ಉಪಮೆಯಲ್ಲಿ ‘ಅಂತೆ’, ‘ಹಾಗೆ’ ಮುಂತಾದ ವಾಚಕ ಪದ ಇರುತ್ತದೆ, ರೂಪಕದಲ್ಲಿ ಇದೇ ಅದು ಎಂದು ನೇರವಾಗಿ ಹೇಳಲಾಗುತ್ತದೆ ಎಂಬಷ್ಟನ್ನು ಅವಳು ಆಗಲೇ ಬಲ್ಲವಳಾಗಿದ್ದಳು. ಎಡವಿದ್ದು ಉತ್ಪ್ರೇಕ್ಷೆಯಲ್ಲಿ. ಮಾತಿನಲ್ಲಿ ನಾವು ‘ಉತ್ಪ್ರೇಕ್ಷೆ ಮಾಡಬೇಡ’ ಎಂದರೆ ಇದ್ದದ್ದನ್ನು ದೊಡ್ಡದು ಮಾಡಬೇಡ ಎಂದರ್ಥ. ಅಲಂಕಾರಶಾಸ್ತ್ರದಲ್ಲಿ ಹಾಗೆ ಹಿಗ್ಗಿಸಿ ಹೇಳುವುದು ಅತಿಶಯೋಕ್ತಿ. ಉತ್ಪ್ರೇಕ್ಷೆ ಎಂದರೆ ಒಂದನ್ನು ಮತ್ತೊಂದೋ ಎಂಬಂತೆ ಕಲ್ಪಿಸಿ ವರ್ಣಿಸುವುದು. ಪದ ಒಂದೇ, ಪರೀಕ್ಷೆಯಲ್ಲಿ ಬೇರೆಯದೇ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಧ್ವನಿಯ ತೊಡಕು

ನಿಜವಾದ ತೊಡಕು ‘ಧ್ವನಿ’. ‘ಈ ಬರಹದಲ್ಲಿ ಲೇಖಕರ ಧ್ವನಿ ಎಂಥದು?’ ಎಂಬ ಪ್ರಶ್ನೆಗೆ ಅವಳು ‘ಗಟ್ಟಿಯಾದದ್ದು’ ಎಂದು ಬರೆದಿದ್ದಳು. ಈ ಪದ ಮೂರು ಕಡೆ ಕೆಲಸ ಮಾಡುತ್ತದೆ: ಕಿವಿಗೆ ಬೀಳುವ ಸದ್ದು, 9ನೆಯ ಶತಮಾನದ ಆನಂದವರ್ಧನನಿಂದ ಬಂದ ಕಾವ್ಯಮೀಮಾಂಸೆಯಲ್ಲಿ, ವಾಚ್ಯಾರ್ಥವನ್ನು ಮೀರಿ ಸೂಚಿತವಾಗುವ ಅರ್ಥ, ಮತ್ತು ಈಚಿನ ಪ್ರಶ್ನೆಪತ್ರಿಕೆಗಳಲ್ಲಿ, ಹೇಳುತ್ತಿರುವ ಸಂಗತಿಯ ಬಗ್ಗೆ ಬರೆಯುವವರಿಗಿರುವ ಭಾವ. ಮೂರನೆಯದಕ್ಕೆ ಕೆಲವರು ಧಾಟಿ ಎನ್ನುತ್ತಾರೆ, ಕೆಲವರು ಧೋರಣೆ ಎನ್ನುತ್ತಾರೆ. ಧಾಟಿ ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ಧೋರಣೆಗೆ ಮಾತಿನಲ್ಲಿ ಸೊಕ್ಕಿನ ವಾಸನೆ ಅಂಟಿದೆ. ಆದರೆ ನನ್ನ ಒಪ್ಪಿಗೆಯಿಂದ ಪ್ರಶ್ನೆಪತ್ರಿಕೆ ಬದಲಾಗದು. ಮೂರೂ ಪದಗಳನ್ನು ಒಂದೇ ಚೌಕದಲ್ಲಿ ಬರೆಸಿದೆ.

ಚೌಕ ತುಂಬಿದರೂ ವಿಷಯ ಇಳಿಯಲಿಲ್ಲ. ಕೊನೆಗೆ ಇಳಿದದ್ದು ಮೂರು ಪುಟ್ಟ ವಾಕ್ಯಗಳಿಂದ. ‘ಮಳೆ ಬಂತು.’ ‘ಕೊನೆಗೂ ಮಳೆ ಬಂತು.’ ‘ಮತ್ತೆ ಬಂತಲ್ಲ ಮಳೆ.’ ಮೂರರಲ್ಲೂ ನಡೆದದ್ದು ಒಂದೇ. ಯಾರು ಕಾಯುತ್ತಿದ್ದರು, ಯಾರಿಗೆ ಬೇಸರ, ಯಾರು ಸುಮ್ಮನೆ ವರದಿ ಮಾಡುತ್ತಿದ್ದಾರೆ ಎಂದು ಕೇಳಿದಾಗ ಕ್ಷಣದಲ್ಲಿ ವಿಂಗಡಿಸಿದಳು. ಯಾವ ಪದದಿಂದ ಗೊತ್ತಾಯಿತು ಎಂದರೆ ‘ಕೊನೆಗೂ’ ಕೆಳಗೆ ಗೆರೆ ಎಳೆದಳು. ಮೂರನೆಯದರಲ್ಲಿ ‘ಮತ್ತೆ’ ಎಂಬುದನ್ನು ಗುರುತಿಸಿ, ಸ್ವಲ್ಪ ಯೋಚಿಸಿ, ‘ಬಂತಲ್ಲ’ದ ಬಾಲದಲ್ಲಿರುವ ‘ಅಲ್ಲ’ವನ್ನೂ ಸುತ್ತಿದಳು. “ಮಳೆ ಬಂದಿದೆ, ಆದರೂ ಅಲ್ಲ ಅಂತ ಯಾಕೆ ಇದೆ ಟೀಚರ್?” ಎಂದು ಕೇಳಿದಳು. ಅಲ್ಲಿಂದ ಮುಂದೆ ಧಾಟಿಯ ಪ್ರಶ್ನೆ ಬಂದರೆ ‘ಕೊನೆಗೂ’ ಥರದ ಪದ ಹುಡುಕುವುದು ಎಂದೇ ನಮ್ಮಿಬ್ಬರ ನಡುವೆ ಮಾತಾಯಿತು.

ಬರೆಯುವವರ ಧಾಟಿ ಬೇರೆ, ಓದುವವರಲ್ಲಿ ಮೂಡುವ ಭಾವ ಬೇರೆ ಎಂಬುದನ್ನು ಮಾತ್ರ ಅವಳು ಇಂದಿಗೂ ಆಗಾಗ ಕಲಸಿಬಿಡುತ್ತಾಳೆ. ಲೇಖಕರು ತಣ್ಣಗೆ ಹೇಳಿದ ಸಾವು ಓದುಗರನ್ನು ಅಳಿಸಬಹುದು ಎಂದು ವಿವರಿಸಿದರೆ ತಲೆಯಾಡಿಸುತ್ತಾಳೆ, ಪರೀಕ್ಷೆಯಲ್ಲಿ ‘ದುಃಖದ ಧಾಟಿ’ ಎಂದೇ ಬರೆಯುತ್ತಾಳೆ.

ಫಲಿತಾಂಶ ಮತ್ತು ಒಂದು ಸೊನ್ನೆ

ನಾಲ್ಕನೆಯ ತಿಂಗಳ ಪತ್ರಿಕೆಯಲ್ಲಿ ಅವಳಿಗೆ 20ಕ್ಕೆ 14, ಐದನೆಯದರಲ್ಲಿ 17 ಬಂದವು. ಇದೆಲ್ಲ ಚೌಕಗಳ ಮಹಿಮೆ ಎಂದು ನಾನು ಹೇಳಲಾರೆ. ಆ ಅವಧಿಯಲ್ಲಿ ಅವಳು ಐದು ತಿಂಗಳು ದೊಡ್ಡವಳಾಗಿದ್ದಳು, ಪರೀಕ್ಷೆಯ ಭಯವೂ ಕಡಿಮೆಯಾಗಿತ್ತು. ಆದರೆ ತಪ್ಪುಗಳ ಸ್ವಭಾವ ಬದಲಾಗಿತ್ತು. ಮೊದಲು ಕೇಳದ ಪ್ರಶ್ನೆಗೆ ಒಳ್ಳೆಯ ಉತ್ತರ ಬರೆಯುತ್ತಿದ್ದವಳು, ಈಗ ಕೇಳಿದ ಪ್ರಶ್ನೆಗೇ ಉತ್ತರಿಸಿ, ಕೆಲವೊಮ್ಮೆ ಅದರಲ್ಲಿ ತಪ್ಪುತ್ತಿದ್ದಳು.

ಕೊನೆಯ ಪತ್ರಿಕೆಯಲ್ಲಿ ಹೋದ ಮೂರು ಅಂಕಗಳಲ್ಲಿ ಒಂದರ ಬಗ್ಗೆ ನನ್ನ ತಕರಾರಿದೆ. ಜೇನ್ನೊಣಗಳ ಕುರಿತ ಮಾಹಿತಿ ಲೇಖನದ ಮೇಲೆ ‘ಈ ಬರಹದಲ್ಲಿ ಲೇಖಕರ ಆಶಯವೇನು?’ ಎಂಬ ಪ್ರಶ್ನೆಯಿತ್ತು. ಅವಳು ಚೌಕದಲ್ಲಿ ಕಲಿತಂತೆ, ‘ಕಣ್ಣಿಗೆ ಬೀಳದ ಸಣ್ಣ ಜೀವಿಗಳ ದುಡಿಮೆಯ ಮೇಲೆ ದೊಡ್ಡ ಜೀವಿಗಳ ಬದುಕು ನಿಂತಿದೆ’ ಎಂದು ಬರೆದಳು. ಮಾದರಿ ಉತ್ತರದಲ್ಲಿ ‘ಜೇನ್ನೊಣಗಳ ಬಗ್ಗೆ ಮಾಹಿತಿ ನೀಡುವುದು’ ಎಂದಿತ್ತು. ಪ್ರಶ್ನೆ ತೆಗೆದವರು ಕೇಳಬೇಕೆಂದುಕೊಂಡದ್ದು ಉದ್ದೇಶವನ್ನು, ಬರೆದದ್ದು ಆಶಯ ಎಂದು. ನನ್ನ ಮಟ್ಟಿಗೆ ಅವಳ ಉತ್ತರಕ್ಕೆ ಅಂಕ ಸಲ್ಲಬೇಕಿತ್ತು. ಪದವನ್ನು ಸಡಿಲವಾಗಿ ಬಳಸಿದವರು ಅವಳಲ್ಲ.

ಅವಳು ನನ್ನಷ್ಟು ಬೇಸರ ಮಾಡಿಕೊಳ್ಳಲಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿ, “ಇಲ್ಲಿ ಲೇಖಕರ ಅಂತ ಇದೆ ಟೀಚರ್, ಬರಹದ ಅಂತ ಇಲ್ಲ” ಎಂದಳು. ಕಥೆಯ ಆಶಯ, ಬರಹದ ಆಶಯ ಎಂದು ಬಂದರೆ ಒಂದು. ಲೇಖಕರ ಆಶಯ ಎಂದು ಬಂದರೆ ಅವರು ಏಕೆ ಬರೆದರು ಎಂದು ಕೇಳುತ್ತಿರಬಹುದು. ಹಾಗಾದರೆ ನಾಯಕನ ಆಶಯ ಎಂದು ಬಂದರೆ ಅವನ ಬಯಕೆ, ನಾನು ಮೊದಲು ಬರೆಯುತ್ತಿದ್ದೆನಲ್ಲ, ಅದೇ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ‘ಆಶಯ’ದ ಚೌಕವನ್ನು ಹುಡುಕಿ ತೆಗೆದು, ನಾಲ್ಕೂ ಮನೆಗಳು ತುಂಬಿಹೋಗಿದ್ದರಿಂದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು: ‘ಯಾರದು ಅಂತ ಮೊದಲು ನೋಡು.’